ರಕ್ತ ಕೊಡೋಕೆ ಹೋದರೆ ‘ಈಗ ಬೇಡ’ ಅಂದರು!

ಪ್ರಶ್ನೆ: ನನಗೆ 27 ವರ್ಷ. ಹೋದ ವರ್ಷ ಮೊದಲ ಸಲ ರಕ್ತ ಕೊಟ್ಟಾಗ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂತು. ಮೊನ್ನೆ ಮತ್ತೆ ಹೋಗಿದ್ದೆ. ಬೆರಳು ಚುಚ್ಚಿ, ನೀಲಿ ನೀರಿಗೆ ಒಂದು ಹನಿ ಬಿಟ್ಟರು. ಅದು ಮುಳುಗಲಿಲ್ಲ. ವಾಪಸ್ ಕಳಿಸಿದರು. ಅವತ್ತು ಕೊಟ್ಟಿದ್ದಕ್ಕೇ ರಕ್ತ ಕಡಿಮೆಯಾಯ್ತು ಅಂತಾರೆ ಅಮ್ಮ. ಹೌದಾ?

ಉತ್ತರ: ಅಮ್ಮನ ಚಿಂತೆ ಸರಿ, ಲೆಕ್ಕ ಮಾತ್ರ ಪೂರ್ತಿ ಸರಿಯಿಲ್ಲ. ಆ ನೀಲಿ ನೀರು ಕಾಪರ್ ಸಲ್ಫೇಟ್ ದ್ರಾವಣ. ಹಿಮೋಗ್ಲೋಬಿನ್ (ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಕಬ್ಬಿಣ ಇರುವ ಅಂಶ) ಸಾಕಷ್ಟಿದ್ದರೆ ಹನಿ ಭಾರವಾಗಿ ತಳಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ತೇಲುತ್ತದೆ. ಬೇಡ ಅಂದಿದ್ದು ನಿಮ್ಮ ಒಳ್ಳೆಯದಕ್ಕೇ. ಒಂದು ಸಲಕ್ಕೆ ತೆಗೆಯುವುದು ಸಾಮಾನ್ಯವಾಗಿ 350 ಇಲ್ಲವೇ 450 ಮಿ.ಲೀ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ತಡವಾಗುವುದು ಕಬ್ಬಿಣದ್ದು: 450 ಮಿ.ಲೀ. ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ, ಊಟದಿಂದ ದಿನಕ್ಕೆ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ ಅಷ್ಟೇ, ಅದರ ಮೇಲೆ ತಿಂಗಳು ತಿಂಗಳು ಮುಟ್ಟಿನಲ್ಲಿ ಹೋಗುವುದು ಬೇರೆ. ಆದರೂ ವರ್ಷ ಕಳೆದಿದೆ ಅಲ್ವಾ, ಎಲ್ಲಾ ಆ ಒಂದು ಬಾಟಲಿಯ ತಲೆಗೆ ಕಟ್ಟಬೇಡಿ. ಡಾಕ್ಟರ್ ಹತ್ತಿರ ಹೋಗಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ಹೇಳುವುದು ಅದೇ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ನಾಚಿಕೊಳ್ಳದೆ ಹೇಳಿ. ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಬಿಡಿ, ಅವು ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ.

ಕಣ್ಣು ಕತ್ತಲೆ ಬಂದಿದ್ದು ಬೇರೆ ವಿಷಯ. ಬಿ.ಪಿ. ಒಮ್ಮೆಲೇ ಇಳಿದರೆ ಹಾಗಾಗುತ್ತದೆ, ಮೊದಲ ಸಲ ಕೊಡುವವರಲ್ಲಿ, ಹೆದರಿದವರಲ್ಲಿ ಜಾಸ್ತಿ. ಮುಂದಿನ ಸಲ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಕೊಡುವ ಮುಂಚೆ ಎರಡು ಲೋಟ ನೀರು ಕುಡಿಯಿರಿ. ಮಲಗಿರುವಾಗ ತೊಡೆ, ಕಾಲು ಬಿಗಿ ಹಿಡಿದು ಸಡಿಲ ಬಿಡುತ್ತಿರಿ. ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಕೂತೇ ಇರಿ, ಫೋನ್ ಬಂತು ಅಂತ ಎದ್ದು ಓಡಬೇಡಿ. ಹಿಂದೆ ಹೀಗಾಗಿತ್ತು ಅಂತ ಸೂಜಿ ಚುಚ್ಚುವ ಮುಂಚೆಯೇ ಹೇಳಿಬಿಡಿ.

ಪ್ರಶ್ನೆ: ಕೊಟ್ಟ ರಕ್ತ ಎಷ್ಟು ದಿನ ಇಡ್ತಾರೆ?

ಉತ್ತರ: ಅದನ್ನು ಬೇರ್ಪಡಿಸಿ ಇಡುತ್ತಾರೆ. ಕೆಂಪು ಕಣ ಫ್ರಿಜ್‌ನಲ್ಲಿ ಸುಮಾರು 35ರಿಂದ 42 ದಿನ, ಮಂಜುಗಡ್ಡೆಯಂತೆ ಗಟ್ಟಿ ಮಾಡಿದ ಪ್ಲಾಸ್ಮಾ (ರಕ್ತದ ನೀರಿನಂಶ) ವರ್ಷದ ತನಕ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಮಾತ್ರ ಬಹಳ ಕಡೆ 5 ದಿನ ಅಷ್ಟೇ, ಅದೂ ಫ್ರಿಜ್‌ನ ಹೊರಗೆ, ಸದಾ ಅಲ್ಲಾಡಿಸುತ್ತಾ. ಅದಕ್ಕೇ ಒಂದೇ ದಿನ ಎಲ್ಲರೂ ಮುಗಿಬಿದ್ದು ಕೊಟ್ಟರೆ ಪ್ಲೇಟ್‌ಲೆಟ್ ಕೊರತೆ ನೀಗುವುದಿಲ್ಲ.