ಮಗ ಸೆವೆನ್ಸಲ್ಲಿ ಒಳ್ಳೆ ಗೋಲು ಹೊಡಿತಾನೆ, ಓದು ಬಿಡಿಸಿ ಪ್ರೊಫೆಷನಲ್ ಸ್ಟ್ರೈಕರ್ ಆಗ್ಲಿಕ್ಕೆ ಕಳಿಸಬಹುದಾ?

ಅಕ್ಕ, ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಮನೆ, ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ, ಊರಿನ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಟೂರ್ನಮೆಂಟಲ್ಲಿ ಒಳ್ಳೆ ಗೋಲು ಹೊಡಿತಾನೆ, ಈಗ ಶಾಲೆ ಬಿಟ್ಟು ದೂರದ ಯಾವುದೋ ಅಕಾಡೆಮಿಗೆ ಸೇರ್ತೇನೆ ಅಂತ ಹಠ ಹಿಡಿದಿದ್ದಾನೆ, ಸ್ಟ್ರೈಕರ್ (ಗೋಲು ಹೊಡೆಯುವ ಮುಂದಿನ ಸಾಲಿನ ಆಟಗಾರ) ಆಗಿ ಜೀವನ ಮಾಡ್ಲಿಕ್ಕೆ ಆಗ್ತದಾ, ಎಷ್ಟು ವರ್ಷ ಆಡಬಹುದು ಅಂತ ಕೇಳಿದ್ದೀರಿ. ಆಗ್ತದೆ. ನಮ್ಮ ಜಿಲ್ಲೆಯವರೇ ಮಾಡಿ ತೋರಿಸಿದ್ದಾರೆ, ಅದು ಮುಂದೆ ಹೇಳ್ತೇನೆ. ಆದ್ರೆ ಓದು ಬಿಡಿಸ್ಬೇಡಿ. ಮತ್ತೆ ಅವನು ಎಷ್ಟು ಗೋಲು ಹೊಡಿತಾನೆ ಅಂತ ಲೆಕ್ಕ ಹಾಕುವ ಬದಲು ಗೋಲು ಬಾರದ ದಿನ ಹೇಗಿರ್ತಾನೆ ಅಂತ ಸ್ವಲ್ಪ ನೋಡಿ. ಯಾಕೆ ಅಂತ ಹೇಳ್ಲಿಕ್ಕೆ ಇಷ್ಟುದ್ದ ಬರೀತಿದ್ದೇನೆ.

ನಾನು ಕುಂಬಳೆ ಕಡೆಯವ. ಕನ್ನಡ ಮೀಡಿಯಂ ಶಾಲೆ, ಮನೆಯಲ್ಲಿ ತುಳು, ಮೈದಾನದಲ್ಲಿ ಮಲಯಾಳ. ಕಾಲೇಜಿಗೆ ಮಂಗಳೂರಿಗೆ ಬೆಳಿಗ್ಗೆ ರೈಲಲ್ಲಿ ಹೋಗಿ ಬರ್ತಿದ್ದೆ, ಬ್ಯಾಗಲ್ಲಿ ಪುಸ್ತಕಕ್ಕಿಂತ ಮೇಲೆ ಬೂಟು. ಆರು ವರ್ಷ ಸೆವೆನ್ಸ್ ಆಡಿದೆ, ಬೆಂಗಳೂರು ಲೀಗಲ್ಲಿ ಒಂದೂವರೆ ಸೀಸನ್, ಎಲ್ಲ ಸ್ಟ್ರೈಕರ್ ಆಗಿಯೇ. ಈಗ ಅಂಗಡಿ ಉಂಟು, ಸಂಜೆ ಶಾಲೆ ಮೈದಾನದಲ್ಲಿ ಮಕ್ಕಳಿಗೆ ಕಲಿಸ್ತೇನೆ.

ಸೆವೆನ್ಸ್ ಅಂದ್ರೆ ನನಗೆ ಪ್ರಾಣ. ಮಳೆ ನಿಂತ ಮೇಲೆ ಗದ್ದೆ ಕೊಯ್ಲಾಗಿ ಅಲ್ಲಲ್ಲಿ ಅಡಿಕೆ ಮರ ಕಟ್ಟಿ ಗ್ಯಾಲರಿ ಮಾಡ್ತಾರಲ್ಲ, ಟ್ಯಾಂಕರಿಂದ ನೀರು ಹಾಕಿದ್ರೂ ಹತ್ತು ನಿಮಿಷಕ್ಕೆ ಮತ್ತೆ ಧೂಳು ಏಳ್ತದೆ, ಲೈಟಿನ ಬೆಳಕಲ್ಲಿ ಆ ಧೂಳು ಹೊಗೆ ತರ ನಿಲ್ತದೆ, ಅದರ ಒಳಗಿಂದ ಬಾಲ್ ಬರುದು. ನಮ್ಮ ಜಿಲ್ಲೆಯ ಹೊಸದುರ್ಗದ ಕಡೆ ಒಂದು ರಾತ್ರಿ, ಆಗ ನನಗೆ 19, ನಮ್ಮ ಟೀಮಿಗೆ ಆಫ್ರಿಕಾದ ಲೈಬೀರಿಯಾದಿಂದ ಬಂದ ಒಬ್ಬ ಸ್ಟ್ರೈಕರ್ ಇದ್ದ, ಸೀಸನ್ ಪೂರ್ತಿ ಮಲಬಾರಲ್ಲೇ ಆಡುವವ, ನಮ್ಮವರಿಗಿಂತ ಚೆನ್ನಾಗಿ ಪರೋಟ ಬೀಫ್ ತಿನ್ನುವವ. ಮ್ಯಾಚ್ ಮುಂಚೆ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಳ್ತಾ ನನ್ನ ಹತ್ರ ಕೇಳಿದ, ಬಾಲ್ ಬರುವಾಗ ನೀನು ಎಂತ ನೋಡ್ತೀ ಅಂತ. ಬಾಲ್ ನೋಡ್ತೇನೆ ಅಂದೆ. ನಾನು ಡಿಫೆಂಡರ್‌ನ ಕಾಲು ನೋಡ್ತೇನೆ ಅಂದ ಅವನು.

ಆ ರಾತ್ರಿ ಅವನನ್ನೇ ನೋಡ್ತಾ ನಿಂತೆ. ಡಿಫೆಂಡರ್ ಬಾಲ್ ಎಲ್ಲುಂಟು ಅಂತ ತಲೆ ತಿರುಗಿಸ್ತಾನೆ, ತಲೆ ತಿರುಗಿದ ಕಡೆಗೆ ಮೈ ಭಾರ ಒಂದು ಕಾಲಿಗೆ ಹೋಗ್ತದೆ, ಆ ಭಾರ ಇನ್ನೊಂದು ಕಾಲಿಗೆ ಬರ್ಲಿಕ್ಕೆ ಅರ್ಧ ಸೆಕೆಂಡ್ ಬೇಕು, ಇವನು ಸರಿಯಾಗಿ ಆ ಅರ್ಧ ಸೆಕೆಂಡಲ್ಲಿ ಅವನ ಬೆನ್ನ ಹಿಂದೆ ಹೋಗಿ ನಿಂತಿರ್ತಿದ್ದ. ಓಡುದು ಕೂಡ ಅಲ್ಲ, ಎರಡು ಹೆಜ್ಜೆ ನಡಿಯುದು ಅಷ್ಟೆ. ಬದಿಯಿಂದ ಕ್ರಾಸ್ ಬರುವಾಗ ಅವನ ಸುತ್ತ ಯಾರೂ ಇಲ್ಲ, ನೋಡುವವರಿಗೆ ಅದು ಅದೃಷ್ಟ. ಇಡೀ ಮ್ಯಾಚಲ್ಲಿ ಅವನು ಬಾಲ್ ಮುಟ್ಟಿದ್ದು ಹತ್ತು ಸಲ ಇರಬಹುದೇನೋ, ಎರಡು ಗೋಲು. ನಾನು ಊರಿಡೀ ಓಡಿ, ನಾಲ್ಕು ಜನರನ್ನ ಡ್ರಿಬಲ್ ಮಾಡಿ, ಸೊನ್ನೆ.

ಸ್ಟ್ರೈಕರ್ ಕೆಲಸ ಅಂದ್ರೆ ಕಾಯುದು ಅಕ್ಕ. ಅದು ನನಗೆ ಆಗ ಅರ್ಥ ಆಗ್ಲಿಲ್ಲ, ಬೆಂಗಳೂರಿಗೆ ಹೋದ ಮೇಲೆ ಅರ್ಥ ಆಯ್ತು. ಸೆವೆನ್ಸ್ ಮೈದಾನ ಸಣ್ಣದು, ಬಾಲ್ ಪದೇ ಪದೇ ಕಾಲಿಗೆ ಬರ್ತದೆ, ಸಿಕ್ಕಿದಲ್ಲಿಂದ ಶೂಟ್ ಮಾಡಬಹುದು, ಗೋಲು ಮೇಲೆ ಗೋಲು ಬರ್ತದೆ. ಹನ್ನೊಂದು ಜನರ ಇಲೆವೆನ್ಸಲ್ಲಿ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. 90 ನಿಮಿಷದಲ್ಲಿ ಬಾಲ್ ನಿಮ್ಮ ಕಾಲಲ್ಲಿ ಇರುದು ಒಟ್ಟು ಸೇರಿಸಿದ್ರೆ ಎರಡು ಮೂರು ನಿಮಿಷ. ಉಳಿದ ಹೊತ್ತೆಲ್ಲ ಜಾಗ ಹುಡುಕುದು, ಸುಳ್ಳು ಓಟ ಓಡುದು, ಸೆಂಟರ್ ಬ್ಯಾಕಿನ (ಮಧ್ಯದ ಡಿಫೆಂಡರ್) ಮೊಣಕೈ ಪಕ್ಕೆಲುಬಿಗೆ ತಿನ್ನುದು, ಬಾರದ ಪಾಸಿಗೆ ಇಪ್ಪತ್ತು ಸಲ ಓಡಿ ಇಪ್ಪತ್ತೊಂದನೇ ಸಲವೂ ಓಡುದು. ದೊಡ್ಡ ಲೀಗಲ್ಲೂ ಸುಮಾರು ಹತ್ತು ಶಾಟಿಗೆ ಒಂದು ಗೋಲು ಬರುದು, ಅಂದ್ರೆ ಒಂಬತ್ತು ಸಲ ತಪ್ಪುದೇ ಅವರ ದಿನದ ಕೆಲಸ. ನಿಮ್ಮ ಮಗ ಸೆವೆನ್ಸಲ್ಲಿ ಹೊಡೆದ ಗೋಲು ಸುಳ್ಳಲ್ಲ, ಪಾದದ ಹಿಡಿತ, ಧೈರ್ಯ, ಇಕ್ಕಟ್ಟಲ್ಲಿ ತಿರುಗುದು ಎಲ್ಲ ಅಲ್ಲಿಂದಲೇ ಬರುದು. ಆದ್ರೆ ಟ್ರಯಲ್ಸಲ್ಲಿ ಕೋಚು ನೋಡುದು ಬಾಲ್ ಇಲ್ಲದಾಗ ಅವ ಎಂತ ಮಾಡ್ತಾನೆ ಅಂತ.

ಕಾಯುದು ಮೈದಾನದ ಒಳಗೆ ಮಾತ್ರ ಅಲ್ಲ. ತೃಕ್ಕರಿಪುರದ ಮೊಹಮ್ಮದ್ ರಾಫಿ ಅವರ ಹೆಸರು ನಿಮ್ಮ ಮಗನಿಗೆ ಗೊತ್ತಿರ್ತದೆ, ನಮ್ಮ ಜಿಲ್ಲೆಯ ದಕ್ಷಿಣದ ತುದಿ. ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ಟೀಮಿಂದ ಮುಂಬೈಯ ಮಹೀಂದ್ರಾ ಯುನೈಟೆಡ್‌ಗೆ ಹೋದವರು, 2009-10ರ ಐ-ಲೀಗಲ್ಲಿ, ಆಗ ಅದೇ ದೇಶದ ದೊಡ್ಡ ಲೀಗು, 14 ಗೋಲು, ಭಾರತೀಯರಲ್ಲಿ ಅವರದ್ದೇ ಜಾಸ್ತಿ. ಅದೇ ಸೀಸನ್ ಮುಗಿದ ಮೇಲೆ ಕಂಪನಿಯವರು ಆ ಟೀಮನ್ನೇ ಮುಚ್ಚಿದ್ರು. ಮರುವರ್ಷ ಪಂಜಾಬಿನ ಜೆಸಿಟಿ ಕೂಡ ಮುಚ್ಚಿತು. ಯೋಚನೆ ಮಾಡಿ, ಜೀವನದ ಅತ್ಯುತ್ತಮ ಸೀಸನ್ ಆಡಿದ್ದೀರಿ, ಕೆಳಗೆ ನೋಡಿದ್ರೆ ನಿಂತ ನೆಲ ಇಲ್ಲ. ಅವರು ಬೇರೆ ಕ್ಲಬ್ ಹುಡುಕಿಕೊಂಡು ಹೋದ್ರು, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಅನ್ನುವ ಐಎಸ್‌ಎಲ್ ಶುರುವಾದಾಗ ಕೊಲ್ಕತ್ತಾದ ಟೀಮಲ್ಲಿ ಇದ್ರು, ಆಮೇಲೆ ಕೇರಳ ಬ್ಲಾಸ್ಟರ್ಸ್. 2016ರ ಡಿಸೆಂಬರ್ 18, ಕೊಚ್ಚಿಯಲ್ಲಿ ಫೈನಲ್. ಮೆಹ್ತಾಬ್ ಹುಸೇನ್ ಕಾರ್ನರ್ ಹಾಕಿದ್ದು, 37ನೇ ನಿಮಿಷ, ರಾಫಿ ಎದ್ದು ತಲೆ ಕೊಟ್ಟದ್ದು, ಗೋಲು. ನಾವು ಇಲ್ಲಿ ಕ್ಲಬ್ಬಿನ ಟಿವಿ ಎದುರು ಕೂತವರು ಎದ್ದ ಏಟಿಗೆ ಬೆಂಚು ಮಗುಚಿ ಬಿತ್ತು. ಕೊನೆಗೆ 1-1 ಆಗಿ ಪೆನಾಲ್ಟಿಯಲ್ಲಿ ಸೋತ್ವಿ, ಅದು ಈಗಲೂ ಎದೆಯಲ್ಲಿ ಚುಚ್ತದೆ. ಆದ್ರೆ ಆ ಹೆಡರ್ ಹೊಡೆವಾಗ ಅವರಿಗೆ 34 ವರ್ಷ. ಮುಂದಿನ ಸೀಸನ್ ಚೆನ್ನೈಯಿನ್ ಟೀಮ್ ಜೊತೆ ಕಪ್ ಕೂಡ ಗೆದ್ರು. ಎಷ್ಟು ವರ್ಷ ಆಡಬಹುದು ಅಂತ ಕೇಳಿದ್ದೀರಲ್ಲ, ಮೈ ಕಾಪಾಡಿಕೊಂಡು ಹೆಸರು ಬಾರದ ವರ್ಷಗಳನ್ನ ನುಂಗಿಕೊಂಡ್ರೆ ಅಷ್ಟು ವರ್ಷ ಆಡಬಹುದು.

ನಮ್ಮ ದೇಶದಲ್ಲಿ ಸ್ಟ್ರೈಕರಿಗೆ ಇನ್ನೊಂದು ಕಷ್ಟ ಉಂಟು, ಇದನ್ನ ಅಕಾಡೆಮಿಯವರು ಹೇಳುದಿಲ್ಲ. ದುಡ್ಡಿರುವ ಕ್ಲಬ್ ವಿದೇಶಿ ಆಟಗಾರನನ್ನ ತರುವಾಗ ಮೊದಲು ತರುದು ಒಂಬತ್ತನೇ ನಂಬರಿನ, ಅಂದ್ರೆ ಸ್ಟ್ರೈಕರ್ ಜಾಗಕ್ಕೆ. ಐಎಸ್‌ಎಲ್ ಶುರುವಾದಾಗ ಒಂದು ಟೀಮಲ್ಲಿ ಆರು ಜನ ವಿದೇಶಿಯರು ಒಟ್ಟಿಗೆ ಆಡಬಹುದಿತ್ತು, 2017ಕ್ಕೆ ಐದಾಯ್ತು, 2021ಕ್ಕೆ ನಾಲ್ಕು. ಸುನಿಲ್ ಛೆಟ್ರಿಯಂತವರೇ ಬೆಂಗಳೂರಲ್ಲಿ ಮಿಕು ಅನ್ನುವ ವಿದೇಶಿ ಸ್ಟ್ರೈಕರ್ ಮಧ್ಯದಲ್ಲಿ ಆಡುವಾಗ ಬದಿಯಿಂದ ಆಡಿದ್ರು, ಬದಿಯಿಂದಲೇ 2017-18ರಲ್ಲಿ 14 ಗೋಲು ಹೊಡೆದ್ರು. ಅವರು 2024ರ ಜೂನ್ 6ಕ್ಕೆ ಕುವೈತ್ ವಿರುದ್ಧ ಕೊಲ್ಕತ್ತಾದಲ್ಲಿ ಆಡಿ ಭಾರತ ತಂಡಕ್ಕೆ ವಿದಾಯ ಹೇಳಿದ್ರು, ಆಗ 151 ಮ್ಯಾಚು, 94 ಗೋಲು. ಮುಂದಿನ ಮಾರ್ಚಿಗೆ ಮತ್ತೆ ಕರೆದ್ರು. ನಲವತ್ತು ದಾಟಿದವರನ್ನ ವಾಪಸ್ ಕರೀಬೇಕಾಯ್ತು, ಬಂದು ಮಾಲ್ಡೀವ್ಸ್ ವಿರುದ್ಧ ಗೋಲೂ ಹೊಡೆದ್ರು. ಅವರ ಬಗ್ಗೆ ನನಗೆ ಗೌರವ ಹೇಳಿ ಮುಗಿಯುದಿಲ್ಲ, ಆದ್ರೆ ಇಷ್ಟು ದೊಡ್ಡ ದೇಶದಲ್ಲಿ ಆ ಜಾಗಕ್ಕೆ ಇನ್ನೊಬ್ಬ ತಯಾರಾಗ್ಲಿಲ್ಲ ಅಂದ್ರೆ ನಮ್ಮ ಹುಡುಗರಿಗೆ ಆ ಜಾಗದಲ್ಲಿ ಆಡ್ಲಿಕ್ಕೆ ನಿಮಿಷಗಳೇ ಸಿಗ್ಲಿಲ್ಲ ಅಂತ ಅರ್ಥ. ಅದಕ್ಕೆ ನಿಮ್ಮ ಮಗನಿಗೆ ವಿಂಗಲ್ಲೂ, ಅಂದ್ರೆ ಬದಿಯಲ್ಲೂ ಆಡ್ಲಿಕ್ಕೆ ಕಲಿಸಿ. ಎಡಗಾಲೂ ಬಲಗಾಲಿನಷ್ಟೇ ಗಟ್ಟಿ ಆಗಲಿ. ಸ್ಟ್ರೈಕರ್ ಮಾತ್ರ ಆಡ್ತೇನೆ ಅನ್ನುವವ ಬೆಂಚಲ್ಲೇ ಮುದುಕ ಆಗ್ತಾನೆ.

ಬೆಂಚು ಅಂದಾಗ ನೆನಪಾಯ್ತು. 2022ರ ಏಪ್ರಿಲಲ್ಲಿ ಮಂಜೇರಿಯಲ್ಲಿ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಸೆಮಿಫೈನಲ್, ಕೇರಳ-ಕರ್ನಾಟಕ. ನಮ್ಮಂತ ಗಡಿಯವರಿಗೆ ಅಂತ ಮ್ಯಾಚ್ ನೋಡುದು ಸುಲಭ ಅಲ್ಲ, ಆಟ ಕಲಿಸಿದ ರಾಜ್ಯ ಒಂದು, ಭಾಷೆ ಇನ್ನೊಂದು. ಮೊದಲ ಗೋಲು ಕರ್ನಾಟಕದ್ದು, ನಾನು ಚಪ್ಪಾಳೆ ತಟ್ಟಿದೆ. ಅರ್ಧ ಗಂಟೆಗೆ ಕೇರಳದ ಕೋಚು ಬೆಂಚಲ್ಲಿದ್ದ ಟಿ.ಕೆ. ಜೆಸಿನ್‌ನ ಒಳಗೆ ಕಳಿಸಿದ್ರು, ಆ ಹುಡುಗ ಹಾಫ್ ಟೈಮಿಗೆ ಮುಂಚೆ ಮೂರು, ಆಮೇಲೆ ಎರಡು, ಒಟ್ಟು ಐದು ಗೋಲು. 7-3. ಕೂತಲ್ಲೇ ಆಟ ನೋಡ್ತಾ ಡಿಫೆಂಡರುಗಳ ಸುಸ್ತು, ಅಂತರ ಎಲ್ಲ ಓದಿಕೊಂಡು ತಯಾರಾಗಿ ಕೂತಿದ್ದವ ಅವನು ಅಂತ ನನಗೆ ಆ ಮೊದಲ ಓಟದಲ್ಲೇ ಕಾಣಿಸಿತು. ನನ್ನ ಮಕ್ಕಳಿಗೆ ಈಗಲೂ ಅದೇ ಹೇಳುದು, ಹೊರಗೆ ಕೂತಾಗ ಮುಖ ಊದಿಸ್ಕೊಂಡು ಬೂಟಿನ ಲೇಸ್ ನೋಡ್ಬೇಡ, ಸೆಂಟರ್ ಬ್ಯಾಕ್ ಯಾವ ಕಡೆ ತಿರುಗ್ಲಿಕ್ಕೆ ಕಷ್ಟಪಡ್ತಾನೆ ಅಂತ ನೋಡು. ಮರುವರ್ಷ ಸೌದಿಯ ರಿಯಾದಲ್ಲಿ ಮೇಘಾಲಯವನ್ನ 3-2 ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಅದೇ ಟ್ರೋಫಿ ಗೆದ್ದಾಗ ಅಂಗಡಿಗೆ ಬಂದವರಿಗೆಲ್ಲ ಪಾಯಸ ಕೊಟ್ಟೆ.

ಈಗ ನನ್ನ ಕತೆ. ಬೆಂಗಳೂರಲ್ಲಿ ಎರಡನೇ ಸೀಸನ್, 24 ವರ್ಷ. ಒಂಬತ್ತು ಮ್ಯಾಚಿಂದ ಗೋಲಿಲ್ಲ, ರಾತ್ರಿ ನಿದ್ದೆ ಇಲ್ಲ, ಕ್ಲಬ್ಬಿಂದ ಮೂರು ತಿಂಗಳ ದುಡ್ಡೂ ಬಂದಿಲ್ಲ. ಪ್ರಾಕ್ಟೀಸಿಗೆ ಕಾಯ್ಲಿಕ್ಕೆ ಆಗದೆ, ಎಲ್ಲಾದ್ರೂ ಒಂದು ಗೋಲು ಹೊಡೀಬೇಕು ಅಂತ, ಯಾರಿಗೂ ಹೇಳದೆ ವಾರಾಂತ್ಯ ಊರಿಗೆ ಬಂದು ಸೆವೆನ್ಸ್ ಆಡಿದೆ. ಕಾಂಟ್ರಾಕ್ಟಲ್ಲಿ ಇರುವಾಗ ಹಾಗೆ ಆಡ್ಲಿಕ್ಕೆ ಇಲ್ಲ, ನನಗೆ ಗೊತ್ತಿತ್ತು. ಗೋಲು ಬಂತು. ಎರಡನೇದಕ್ಕೆ ತಿರುಗುವಾಗ ಗಟ್ಟಿ ನೆಲದಲ್ಲಿ ಬೂಟಿನ ಅಡಿಯ ಸ್ಟಡ್ ಸಿಕ್ಕಿಕೊಂಡು ಪಾದ ಅಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಮೊಣಕಾಲ ಒಳಗೆ ಹಸಿ ಕಡ್ಡಿ ಮುರಿದ ಹಾಗೆ ಒಂದು ಸದ್ದು. ಎಸಿಎಲ್, ಮೊಣಕಾಲ ಒಳಗಿನ ಮುಖ್ಯ ನಾರು, ಹರಿದಿತ್ತು. ಆಪರೇಶನ್ ಆಗಿ ಸರಿಯಾಗಿ ವ್ಯಾಯಾಮ ಮಾಡಿದ್ರೂ ವಾಪಸ್ ಆಡ್ಲಿಕ್ಕೆ ಒಂಬತ್ತು ತಿಂಗಳು ಅಂದ್ರು, ಆಪರೇಶನ್ ಖರ್ಚಿಗೆ ಅಮ್ಮ ಬಳೆ ಅಡವಿಟ್ರು. ಮತ್ತೆ ಆಡಿದೆ, ಆದ್ರೆ ಆ ಅರ್ಧ ಸೆಕೆಂಡ್ ಹೋಗಿತ್ತು. ಡಿಗ್ರಿ ಮುಗಿಸಿದ್ದೆ ಅಂತ ಬ್ಯಾಂಕು ಲೋನ್ ಕೊಟ್ಟಿತು, ಅಂಗಡಿ ಹಾಕಿದೆ. ಡಿಗ್ರಿ ಇಲ್ಲದಿದ್ರೆ ಏನಾಗ್ತಿತ್ತು ಅಂತ ನೆನೆಸ್ಲಿಕ್ಕೂ ಇಷ್ಟ ಇಲ್ಲ.

ಹಾಗಾಗಿ ಓದು ಬಿಡಿಸ್ಬೇಡಿ ಅಂತ ಇಷ್ಟು ಒತ್ತಿ ಹೇಳುದು. ಐ.ಎಂ. ವಿಜಯನ್ ಅವರನ್ನ ನೋಡಿ, ತ್ರಿಶೂರಿನ ಸ್ಟೇಡಿಯಮಲ್ಲಿ ಸೋಡಾ ಮಾರ್ತಿದ್ದ ಹುಡುಗ, ಕೇರಳ ಪೊಲೀಸ್ ಟೀಮಿಗೆ ಸೇರಿದ್ರು, ಆ ಟೀಮು ಫೆಡರೇಶನ್ ಕಪ್ ಗೆದ್ದಿತು, ಆಮೇಲೆ ಮೋಹನ್ ಬಗಾನ್, ಜೆಸಿಟಿ ಅಂತ ದೇಶ ಎಲ್ಲ ಆಡಿದ್ರು. ಆದ್ರೆ ವಾಪಸ್ ಬರ್ಲಿಕ್ಕೆ ಪೊಲೀಸ್ ಕೆಲಸ ಇತ್ತು, 2025ರಲ್ಲಿ ಡೆಪ್ಯುಟಿ ಕಮಾಂಡೆಂಟ್ ಆಗಿ ರಿಟೈರ್ ಆದ್ರು, ಅದೇ ವರ್ಷ ಪದ್ಮಶ್ರೀ. ಇಂತ ಸ್ಪೋರ್ಟ್ಸ್ ಕೋಟಾ ಕೆಲಸಕ್ಕೆ ಸರ್ಟಿಫಿಕೇಟ್ ಬೇಕು, ಜಿಲ್ಲೆಗೆ, ಯೂನಿವರ್ಸಿಟಿಗೆ, ರಾಜ್ಯಕ್ಕೆ ಆಡಿದ್ದು ಕಾಗದದಲ್ಲಿ ಇರ್ಬೇಕು. ಸೆವೆನ್ಸ್ ಗೋಲಿಗೆ ಕಾಗದ ಇಲ್ಲ. ಮತ್ತೆ ಕ್ಲಬ್ ಮೇಲೆ ಮಾತ್ರ ನಂಬಿಕೆ ಇಡ್ಲಿಕ್ಕೆ ಆಗುದಿಲ್ಲ, 2025ರ ಜುಲೈಯಲ್ಲಿ ಐಎಸ್‌ಎಲ್‌ನ ಹೊಸ ಸೀಸನನ್ನೇ ತಡೆಹಿಡಿದಾಗ ಕೆಲವು ಕ್ಲಬ್ಬುಗಳು ಸಂಬಳ ನಿಲ್ಲಿಸಿದ್ವು, ಅದು ದೇಶದ ಅತಿ ದೊಡ್ಡ ಲೀಗು.

ನಾನಾಗಿದ್ರೆ ಅವನನ್ನ ಪ್ಲಸ್ ಟೂಗೆ ಒಳ್ಳೆ ಫುಟ್‌ಬಾಲ್ ಟೀಮ್ ಇರುವ ಶಾಲೆಗೆ ಸೇರಿಸ್ತಿದ್ದೆ, ಜಿಲ್ಲಾ ಟ್ರಯಲ್ಸಿಗೆ ಕಳಿಸ್ತಿದ್ದೆ, 18 ಆದ ಮೇಲೆ ಕಾಲೇಜು ಟೀಮು, ಅಲ್ಲಿಂದ ಕ್ಲಬ್. 2024ರಿಂದ ಸೂಪರ್ ಲೀಗ್ ಕೇರಳ ಶುರುವಾಗಿದೆ, ಕಣ್ಣೂರಿನ ಟೀಮ್ ನಮಗೆ ಹತ್ತಿರ. ಮಂಗಳೂರಿಗೆ ಕಳಿಸುದಾ ಕಣ್ಣೂರಿಗಾ ಅಂತ ಬೇಗ ತೀರ್ಮಾನ ಮಾಡಿ, ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ ಅಂತಾದ್ರೆ ಎರಡು ಕಡೆಯವರ ಕಣ್ಣಿಗೂ ಬೀಳುದಿಲ್ಲ, ನಾನು ಹಾಗೆಯೇ ಎರಡು ವರ್ಷ ಕಳಕೊಂಡೆ. ದುಡ್ಡು ಕಟ್ಟಿದ್ರೆ ಪ್ರೊಫೆಷನಲ್ ಮಾಡ್ತೇವೆ ಅನ್ನುವ ಅಕಾಡೆಮಿ ಆದ್ರೆ ಅಲ್ಲಿಂದ ಯಾರು ಯಾವ ಟೀಮಿಗೆ ಹೋದ್ರು ಅಂತ ಹೆಸರು ಕೇಳಿ, ಆ ಹುಡುಗರ ಮನೆಯವರ ಹತ್ರ ಮಾತಾಡಿ. ತಡ ಆಯ್ತು ಅಂತ ಅವನು ಅತ್ರೆ ಜೇಮಿ ವಾರ್ಡಿ ಕತೆ ಹೇಳಿ, 16ಕ್ಕೆ ಗಿಡ್ಡ ಅಂತ ಕ್ಲಬ್ ಬಿಟ್ಟುಬಿಟ್ಟಿತ್ತು, ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾ ಸಣ್ಣ ಲೀಗಲ್ಲಿ ಆಡಿದವ, 25ಕ್ಕೆ ಲೆಸ್ಟರ್ ಸೇರಿ 2016ರಲ್ಲಿ ಇಂಗ್ಲೆಂಡಿನ ಲೀಗ್ ಗೆದ್ದವ. ಮತ್ತೆ ಸೆವೆನ್ಸ್ ಆಡ್ಲಿ, ಆದ್ರೆ ವಾರಕ್ಕೆ ಒಂದು ಸಾಕು, ಆ ಗಟ್ಟಿ ನೆಲಕ್ಕೆ ಉದ್ದ ಸ್ಟಡ್ ಬೇಡ, ಮೊಣಕಾಲು ಸ್ವಲ್ಪ ನೋವಾದ್ರೂ ಎಣ್ಣೆ ಉಜ್ಜಿ ಮತ್ತೆ ಇಳಿಯುದು ಬೇಡ.

ಮುಂದಿನ ಮ್ಯಾಚಿಗೆ ನೀವು ಒಮ್ಮೆ ಹೋಗಿ ಅಕ್ಕ. ಹತ್ತು ನಿಮಿಷ ಬಾಲ್ ನೋಡ್ಬೇಡಿ, ಮಗನನ್ನ ಮಾತ್ರ ನೋಡಿ. ಬಾಲ್ ದೂರ ಇರುವಾಗ ಸೊಂಟಕ್ಕೆ ಕೈ ಕೊಟ್ಟು ನಿಲ್ತಾನಾ, ಅಥವಾ ತಲೆ ತಿರುಗಿಸಿ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡ್ತಾ ಇರ್ತಾನಾ, ಗೋಲು ತಪ್ಪಿದ ಮೇಲೆ ತಲೆ ಹಿಡ್ಕೊಂಡು ಕೂರ್ತಾನಾ, ಅಥವಾ ಗೋಲ್‌ಕೀಪರ್ ಬಾಲ್ ಒದೆಯುವ ಮುಂಚೆ ತನ್ನ ಜಾಗಕ್ಕೆ ಓಡಿ ಬಂದಿರ್ತಾನಾ. ಕಂಡದ್ದನ್ನ ಇಲ್ಲೇ ಕೆಳಗೆ ಬರೀರಿ, ನಾನು ಖಂಡಿತ ಓದ್ತೇನೆ. ಬೇಕಾದ್ರೆ ಒಂದು ಭಾನುವಾರ ಅವನನ್ನ ಕುಂಬಳೆಗೆ ಕರ್ಕೊಂಡು ಬನ್ನಿ, ಬೆಳಿಗ್ಗೆ ಆರೂವರೆಗೆ ನಾವು ಮೈದಾನದಲ್ಲಿ ಇರ್ತೇವೆ.