ಮಗು ಅತ್ತಿದ್ದಕ್ಕೆಲ್ಲ ರಾಗಿ ಸರಿ ಮದ್ದಲ್ಲ

ಎಳೆಮಗುವಿನ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಊರು ಮಾತ್ರ ಬದಲಾಗುತ್ತದೆ. ಒಂದು ಸಲ ಅರಸೀಕೆರೆ, ಇನ್ನೊಂದು ಸಲ ಮೂಡಿಗೆರೆ. ಪ್ರಶ್ನೆ ಅದೇ, ಮನೆಯೊಳಗಿನ ಜಗಳವೂ ಅದೇ. ಹಾಲು ಸಾಲುತ್ತದೋ ಇಲ್ಲವೋ, ರಾಗಿ ಸರಿ ಯಾವಾಗ ಶುರು, ಡಬ್ಬಿ ಹಾಲು ಕೊಟ್ಟರೆ ತಪ್ಪೇನು, ಲಸಿಕೆ ಮುಂದಕ್ಕೆ ಹಾಕಲೇ? ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಗಿಣ್ಣುಹಾಲು ಚೆಲ್ಲಬಾರದು ಎಂಬುದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಅದನ್ನು ಆಶಾ ಕಾರ್ಯಕರ್ತೆ ಹೇಳಿರುತ್ತಾರೆ, ತಾಯಿ ಕಾರ್ಡಿನಲ್ಲೂ ಅಚ್ಚಾಗಿದೆ.

ಪ್ರಶ್ನೆ: ಮಗಳಿಗೆ ಮೂರೂವರೆ ತಿಂಗಳು. ಹುಟ್ಟಿದಾಗ 2.8 ಕಿಲೋ, ಈಗ 5.9. ಇದುವರೆಗೆ ಬರೀ ಎದೆಹಾಲು. ದಿನಕ್ಕೆ ಏಳೆಂಟು ಬಟ್ಟೆ ಒದ್ದೆ ಮಾಡುತ್ತಾಳೆ, ಆದರೆ ಕಕ್ಕ ನಾಲ್ಕು ದಿನಕ್ಕೊಮ್ಮೆ. ಎರಡು ವಾರದಿಂದ ಸಂಜೆ ಆರರಿಂದ ಒಂಬತ್ತರವರೆಗೆ ಅಳು, ಹತ್ತು ನಿಮಿಷಕ್ಕೊಮ್ಮೆ ಹಾಲಿಗೆ ಬರುತ್ತಾಳೆ. ನನಗೂ ಮೊದಲಿನಂತೆ ಎದೆ ಭಾರವಾಗುವುದಿಲ್ಲ. ಪಂಪಿನಲ್ಲಿ ತೆಗೆದು ನೋಡಿದರೆ 30 ಎಂಎಲ್ ಕೂಡ ಬರಲಿಲ್ಲ. ಅತ್ತೆ, ‘ಮಗೀಗೆ ಹೊಟ್ಟೆ ತುಂಬ್ತಿಲ್ಲ ಕಣಮ್ಮ, ಒಂಚೂರು ರಾಗಿ ಸರಿ ಹಾಕು’ ಅನ್ನುತ್ತಾರೆ. ನಾದಿನಿ ಡಬ್ಬಿ ಹಾಲು ತಂದಿಟ್ಟಿದ್ದಾಳೆ, ಬಾಟಲಿ ಬಾಯಿಗಿಟ್ಟರೆ ಮಗು ಗಟಗಟ ಕುಡಿಯಿತು. ಐದು ತಿಂಗಳಿಗೆ ನಾನು ಕೆಲಸಕ್ಕೆ ಹೋಗಬೇಕು. ಏನು ಮಾಡಲಿ? (ಬೇಲೂರು ತಾಲ್ಲೂಕು)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರವಿದೆ. ಅದನ್ನು ಮನೆಯಲ್ಲಿ ಯಾರೂ ಲೆಕ್ಕ ಹಾಕಿಲ್ಲ, ಅಷ್ಟೆ. 105 ದಿನಕ್ಕೆ 3.1 ಕಿಲೋ ಏರಿದ್ದಾಳೆ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 30 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ಹುಟ್ಟುತೂಕದ ಎರಡರಷ್ಟಾಗಲು ಸಾಮಾನ್ಯವಾಗಿ ಐದು ತಿಂಗಳು ಹಿಡಿಯುತ್ತದೆ, ನಿಮ್ಮ ಮಗಳು ಆಗಲೇ ಅದನ್ನು ದಾಟಿದ್ದಾಳೆ. ಹಾಲು ಸಾಲದ ಮಗು ಹೀಗೆ ಬೆಳೆಯುವುದಿಲ್ಲ.

ನಿಮಗೆ ದಿಗಿಲು ಹುಟ್ಟಿಸಿದ ಒಂದೊಂದನ್ನೂ ನೋಡೋಣ. ಎದೆ ಭಾರವಾಗುತ್ತಿಲ್ಲ ಎಂದರೆ ಹಾಲು ಬತ್ತಿತು ಎಂದಲ್ಲ. ಮೊದಲ ವಾರಗಳಲ್ಲಿ ಬೇಕಿದ್ದಕ್ಕಿಂತ ಹೆಚ್ಚು ಹಾಲು ಬಂದು ಎದೆ ಬಿಗಿಯುತ್ತದೆ, ಆಮೇಲೆ ಮಗು ಕುಡಿಯುವಷ್ಟಕ್ಕೆ ಹೊಂದಿಕೊಳ್ಳುತ್ತದೆ. ಪಂಪಿನ ಲೆಕ್ಕವಂತೂ ಲೆಕ್ಕವೇ ಅಲ್ಲ. ಮಗುವಿನ ಬಾಯಿ ಎಳೆಯುವಷ್ಟನ್ನು ಪಂಪು ಎಳೆಯಲಾರದು, ಅದರಲ್ಲೂ ಮಗು ಕುಡಿದು ಮುಗಿಸಿದ ಮೇಲೆ. ಬಾಟಲಿಯನ್ನು ಗಟಗಟ ಕುಡಿದದ್ದೂ ಹಸಿವಿಗೆ ಸಾಕ್ಷಿಯಲ್ಲ. ಬಾಯಿಗೆ ಏನಾದರೂ ತಾಗಿದರೆ ಚೀಪುವುದು ಎಳೆಕೂಸಿನ ಗುಣ, ಬಾಟಲಿಯಿಂದ ಹಾಲು ತಾನಾಗಿ ಸುರಿಯುತ್ತದೆ, ನುಂಗದೆ ಅದಕ್ಕೆ ಬೇರೆ ದಾರಿಯಿಲ್ಲ. ಬರೀ ಎದೆಹಾಲು ಕುಡಿಯುವ ಮಗು ಆರು ವಾರ ಕಳೆದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಕಕ್ಕ ಮಾಡಬಹುದು. ಅದು ಮೆತ್ತಗಿದ್ದರೆ ಮಲಬದ್ಧತೆಯಲ್ಲ, ವೀಳ್ಯದೆಲೆಯ ತೊಟ್ಟನ್ನು ಎಣ್ಣೆಗೆ ಅದ್ದಿ ಗುದಕ್ಕೆ ತೂರಿಸುವ ಅಗತ್ಯವೂ ಇಲ್ಲ. ಸಂಜೆಯ ಅಳು ಈ ವಯಸ್ಸಿನದು. ಆ ಹೊತ್ತಿಗೆ ಮಗು ದಣಿದಿರುತ್ತದೆ, ಮನೆಯಲ್ಲಿ ಜನ, ಟಿವಿ, ದೀಪ ಎಲ್ಲ ಒಟ್ಟಿಗೆ ಇರುತ್ತವೆ. ಮೂರು ತಿಂಗಳ ಸುಮಾರಿಗೆ ಕೆಲವು ದಿನ ಹೆಚ್ಚು ಸಲ ಹಾಲಿಗೆ ಬರುವುದೂ ಉಂಟು. ಬಂದಾಗಲೆಲ್ಲ ಕೊಟ್ಟರೆ ಎರಡು ಮೂರು ದಿನದಲ್ಲಿ ಹಾಲು ಅದಕ್ಕೆ ತಕ್ಕಂತೆ ಏರುತ್ತದೆ.

ನಾದಿನಿಯ ಬಾಟಲಿ ಕೆಡಿಸುವುದು ಇದನ್ನೇ. ಎದೆ ಎಷ್ಟು ಬರಿದಾಗುತ್ತದೋ ಅಷ್ಟು ಹಾಲು ತಯಾರಾಗುತ್ತದೆ. ಸಂಜೆ ಒಂದು ಬಾಟಲಿ ಹಾಕಿದರೆ ಆ ಹೊತ್ತಿನ ಹಾಲು ಎದೆಯಲ್ಲೇ ಉಳಿಯುತ್ತದೆ, ಉಳಿದ ಹಾಲೇ ಮುಂದಿನ ಉತ್ಪತ್ತಿಗೆ ತಡೆಯೊಡ್ಡುತ್ತದೆ. ವಾರ ಕಳೆಯುವಷ್ಟರಲ್ಲಿ ಹಾಲು ನಿಜವಾಗಿಯೂ ಇಳಿದಿರುತ್ತದೆ. ಆಗ ‘ನಾನು ಹೇಳಿರಲಿಲ್ವಾ’ ಎನ್ನಲು ಮನೆ ತುಂಬ ಜನ. ರಾತ್ರಿಯ ಹಾಲನ್ನೂ ತಪ್ಪಿಸಬೇಡಿ, ಹಾಲು ತರಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚು ಸ್ರವಿಸುವುದು. ಎದೆ ಹಿಡಿಯುವ ರೀತಿಯನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ: ಬಾಯಿ ಅಗಲ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಿರಬೇಕು, ಮೊಲೆಯ ಕಪ್ಪುಭಾಗ ಮೇಲುಗಡೆ ಹೆಚ್ಚು ಕಾಣಬೇಕು. ತೊಟ್ಟನ್ನಷ್ಟೇ ಚೀಪುತ್ತಿದ್ದರೆ ನಿಮಗೆ ನೋವು, ಮಗುವಿಗೆ ಹಾಲಿಲ್ಲ. ಒಂದು ಎದೆ ಮುಗಿಸಿದ ಮೇಲೇ ಇನ್ನೊಂದಕ್ಕೆ ಹಾಕಿ. ಕೊನೆಯಲ್ಲಿ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು.

ನಿಮ್ಮ ಊಟದ ಬಗ್ಗೆ ಬರೆದಿಲ್ಲ, ಆದರೂ ಊಹಿಸಬಲ್ಲೆ. ಸೊಪ್ಪು ತಿಂದರೆ ಮಗುವಿಗೆ ಭೇದಿ, ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮೊಸರು ಶೀತ ಎಂದಿರುತ್ತಾರೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು, ಅಂದರೆ ಬಹುತೇಕ ಇನ್ನೊಂದು ಊಟ. ಬಾಯಾರಿದಾಗೆಲ್ಲ ನೀರು ಕುಡಿಯಿರಿ. ಮೆಣಸಿನ ಸಾರು ಅನ್ನದಲ್ಲೇ ಮೂರು ತಿಂಗಳು ಕೂರಿಸಿ, ಆಮೇಲೆ ಹಾಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಇನ್ನು ರಾಗಿ ಸರಿ. ನಿಮ್ಮ ಅತ್ತೆ ಹೇಳುವ ಆಹಾರ ಸರಿಯಾಗಿದೆ, ಹೊತ್ತು ತಪ್ಪಾಗಿದೆ. ಮೂರೂವರೆ ತಿಂಗಳಿನಲ್ಲಿ ಸರಿ ಹಾಕಿದರೆ ಹೊಟ್ಟೆಯಲ್ಲಿ ಎದೆಹಾಲಿನ ಜಾಗವನ್ನು ಅದು ಹಿಡಿಯುತ್ತದೆ, ನೀರು, ಬಟ್ಟಲು, ಕೈಗಳಿಂದ ಭೇದಿ ಬರುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣಾಂಶ ಮೈಗೆ ಹತ್ತದಂತೆಯೂ ಮಾಡುತ್ತದೆ. ಸರಿ ತಿಂದ ಮಗು ರಾತ್ರಿ ಚೆನ್ನಾಗಿ ಮಲಗುತ್ತದೆ ಎಂಬುದು ಎಲ್ಲರ ವಾದ. ಮಲಗಿಸುವುದಕ್ಕೆ ಆಹಾರ ಕೊಡುವುದಲ್ಲ. ಆರು ತಿಂಗಳು ತುಂಬಲಿ. ಅಲ್ಲಿಯವರೆಗೆ ನೀರೂ ಬೇಡ, ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲೂ ಬೇಡ.

ಆರು ತುಂಬಿದ ದಿನದಿಂದ ಅತ್ತೆಯವರ ಕೈಗೇ ಕೊಡಿ. ಆದರೆ ಬಹಳ ಮನೆಗಳಲ್ಲಿ ಆಗುವ ತಪ್ಪು ಅಲ್ಲಿಂದಲೇ ಶುರು: ಒಂದು ಚಮಚ ಹಿಟ್ಟಿಗೆ ದೊಡ್ಡ ಲೋಟ ನೀರು. ಅದು ಸರಿಯಲ್ಲ, ಬಣ್ಣದ ನೀರು. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಸಿಗಬೇಕು. 20 ಗ್ರಾಂ ಹಿಟ್ಟು (ಎರಡು ದೊಡ್ಡ ಚಮಚ), 150 ಎಂಎಲ್ ನೀರು, ಒಂದು ಟೀ ಚಮಚ ತುಪ್ಪ. ಇಷ್ಟಕ್ಕೆ ಸುಮಾರು 105 ಕ್ಯಾಲೊರಿ, ದಿನಕ್ಕೆರಡು ಸಲಕ್ಕೆ ಲೆಕ್ಕ ಸರಿಹೋಯಿತು. ಮೊದಲ ದಿನಗಳಲ್ಲಿ ಎರಡು ಮೂರು ಚಮಚವಷ್ಟೇ ತಿಂದೀತು, ನಿಧಾನವಾಗಿ ಅರ್ಧ ಬಟ್ಟಲಿಗೆ ತನ್ನಿ. ಚಮಚ ಓರೆ ಮಾಡಿದರೆ ತಟ್ಟನೆ ಸುರಿಯಬಾರದು, ಅಷ್ಟು ಗಟ್ಟಿ ಇರಲಿ.

ಗಟ್ಟಿಯಾದರೆ ಮಗು ನುಂಗುವುದಿಲ್ಲ ಎನ್ನುತ್ತೀರಿ. ಅದಕ್ಕೆ ಮೊಳಕೆ ರಾಗಿಯೇ ಉಪಾಯ. ರಾಗಿಯನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಡಿ. ಮೊಳಕೆ ಬಂದ ಮೇಲೆ ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಹಿಟ್ಟು ಮಾಡಿಸಿ. ಇದರಲ್ಲಿ ಒಂದು ಸಣ್ಣ ಡಬ್ಬಿಯಷ್ಟನ್ನು ಹುರಿಯದೆ ಇಟ್ಟುಕೊಳ್ಳಿ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಕತ್ತರಿಸಿ ತೆಳ್ಳಗೆ ಮಾಡುತ್ತದೆ, ಹುರಿದರೆ ಅದು ಸಾಯುತ್ತದೆ. ಸರಿಯನ್ನು ಗಟ್ಟಿಯಾಗಿ ಬೇಯಿಸಿ ಇಳಿಸಿ, ಕುದಿ ನಿಂತು ಸ್ವಲ್ಪ ಆರಿದ ಮೇಲೆ ಈ ಹಸಿ ಹಿಟ್ಟು ಒಂದು ಟೀ ಚಮಚ ಕಲಸಿ. ಕೆಲವು ನಿಮಿಷದಲ್ಲಿ ನೀರು ಸೇರಿಸದೆಯೇ ಸಡಿಲವಾಗುತ್ತದೆ. ಮತ್ತೆ ಒಂದು ಕುದಿ ಕುದಿಸಿ ಕೊಡಿ. ಕುದಿಯುವಾಗಲೇ ಹಾಕಿದರೆ ಸರಿ ಸಡಿಲವಾಗುವುದಿಲ್ಲ, ಆಮೇಲೆ ನನಗೆ ಬರೆಯಬೇಡಿ. ಸಕಲೇಶಪುರ, ಕೊಪ್ಪದ ಕಡೆ ಮಳೆಗಾಲದಲ್ಲಿ ಮೊಳಕೆ ಒಣಗದೆ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಹುರಿದು ಉಳಿಸಿಕೊಳ್ಳಲು ಹೋಗದೆ ಎಸೆಯಿರಿ.

ರಾಗಿ ಒಂದನ್ನೇ ನಂಬಬೇಡಿ. ಸುಣ್ಣದಂಶ 100 ಗ್ರಾಮಿಗೆ 364 ಮಿಲಿಗ್ರಾಂ ಇದೆ, ನಿಜ. ಆದರೆ ಆರು ತಿಂಗಳಿಗೆ ಮಗುವಿನ ಮೈಯಲ್ಲಿ ಮುಗಿಯುತ್ತ ಬರುವುದು ಕಬ್ಬಿಣ. ಹೆಸರುಬೇಳೆ, ಮೊಟ್ಟೆ, ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಕೋಳಿಯ ಈಲಿ, ಮೀನು, ಜೊತೆಗೆ ನಾಲ್ಕು ಹನಿ ನಿಂಬೆರಸ ಬೇಕು. ಆಶಾ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆರಡು ಸಲ, ಸಲಕ್ಕೆ 1 ಎಂಎಲ್ ತಪ್ಪದೆ ಹಾಕಿ. ಕಕ್ಕ ಕಪ್ಪಾದರೆ ಹೆದರಬೇಡಿ. ವರ್ಷದವರೆಗೆ ಉಪ್ಪು, ಸಕ್ಕರೆ ಬೇಡ. ಬೆಲ್ಲವೂ ಸಕ್ಕರೆಯೇ. ಕಾಫಿ ಸೀಮೆಯಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಬಸಿಯಲ್ಲಿ ಕಾಫಿ ನೆಕ್ಕಿಸುವ ಪ್ರೀತಿಯೂ ಬೇಡ.

ಕೆಲಸಕ್ಕೆ ಹೋಗುವ ಹದಿನೈದು ದಿನ ಮೊದಲೇ ಕೈಯಲ್ಲಿ ಹಾಲು ಹಿಂಡುವುದನ್ನು ರೂಢಿ ಮಾಡಿಕೊಳ್ಳಿ. ಬೆಳಗಿನ ಹೊತ್ತು ಸುಲಭ. ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಡಿ. ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು, ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಒಳಗಡೆ ಇಡಿ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಬಟ್ಟಲಿಟ್ಟರೆ ಸಾಕು. ಬಾಟಲಿಯ ಬದಲು ಅಜ್ಜಿಯ ಕಾಲದ ಒಳಲೆ (ಹಾಲು ಕುಡಿಸುವ ಮೂತಿಯ ಬಟ್ಟಲು) ತೆಗೆಯಿರಿ: ತೊಳೆಯುವುದು ಸುಲಭ, ಕುದಿಸುವುದು ಸುಲಭ, ಮಗು ಎದೆ ಮರೆಯುವುದಿಲ್ಲ. ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ಹಾಲೂಡಿಸಲು ದಿನಕ್ಕೆರಡು ಬಿಡುವು ಕಾನೂನಿನಲ್ಲೇ ಇದೆ. ಹಿಂಡಿ ತೆಗೆಯಲು ಅದನ್ನು ಕೇಳಿ ಪಡೆಯಿರಿ.

ಹಾಲು ನಿಜಕ್ಕೂ ಸಾಲದ ಮಕ್ಕಳೂ ಇದ್ದಾರೆ. ಎರಡು ವಾರವಾದರೂ ಹುಟ್ಟುತೂಕಕ್ಕೆ ಮರಳದಿದ್ದರೆ, ಮೊದಲ ಮೂರು ತಿಂಗಳಲ್ಲಿ ತಿಂಗಳಿಗೆ 500 ಗ್ರಾಂ ಏರದಿದ್ದರೆ, ಆರಕ್ಕಿಂತ ಕಡಿಮೆ ಸಲ ಕಡು ಹಳದಿ ಉಚ್ಚೆಯಾದರೆ, ಹಾಲಿಗೂ ಏಳದೆ ಮಂಕಾಗಿ ಮಲಗಿದ್ದರೆ ಅದೇ ದಿನ ಮಕ್ಕಳ ವೈದ್ಯರ ಹತ್ತಿರ ಹೋಗಿ. ತಾಯಿಯ ಥೈರಾಯ್ಡನ್ನೂ ನೋಡಬೇಕಾಗುತ್ತದೆ. ಅವರು ಹೇಳಿದರೆ ಡಬ್ಬಿ ಹಾಲು ಕೊಡಿ, ಅದು ವಿಷವಲ್ಲ, ಕೊಟ್ಟ ತಾಯಿ ಅಪರಾಧಿಯೂ ಅಲ್ಲ. ಬಹುತೇಕ ಡಬ್ಬಿಗಳಲ್ಲಿ 30 ಎಂಎಲ್ ನೀರಿಗೆ ತಲೆಸವರಿದ ಒಂದು ಅಳತೆ ಚಮಚ. ನಿಮ್ಮ ಡಬ್ಬಿಯ ಮೇಲಿನ ಅಳತೆ ಓದಿಕೊಳ್ಳಿ, ಮೊದಲು ನೀರು, ಆಮೇಲೆ ಪುಡಿ. ಉಳಿಸಲು ನೀರು ಹೆಚ್ಚಿಸಿದರೆ ಮಗು ಹೊಟ್ಟೆ ತುಂಬಿಯೂ ಹಸಿದಿರುತ್ತದೆ. ಈ ಪುಡಿಗಳ ಜಾಹೀರಾತನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ನಿಮ್ಮ ವಿಷಯದಲ್ಲಿ ಇದ್ಯಾವುದೂ ಬೇಕಿಲ್ಲ. ಅಂಗನವಾಡಿಯ ತಕ್ಕಡಿಯಲ್ಲಿ ಹದಿನೈದು ದಿನಕ್ಕೊಮ್ಮೆ, ಬಟ್ಟೆ ಬಿಚ್ಚಿ, ಅದೇ ತಕ್ಕಡಿಯಲ್ಲೇ ತೂಗಿ ಕಾರ್ಡಿನಲ್ಲಿ ಗುರುತು ಹಾಕಿಸಿ. ಮನೆಯಲ್ಲಿ ವಾದ ಬಂದಾಗ ಕಾರ್ಡು ಮುಂದಿಡಿ.

ಪ್ರಶ್ನೆ: ನಮ್ಮ ತೋಟದ್ದೇ ಶುದ್ಧ ಜೇನು. ಬಜೆ ತೇಯ್ದು ಅದರಲ್ಲಿ ನೆಕ್ಕಿಸಬಹುದೇ? (ಮೂಡಿಗೆರೆ)

ಉತ್ತರ: ವರ್ಷದೊಳಗೆ ಜೇನು ಬೇಡ. ಶುದ್ಧ ಜೇನಿನಲ್ಲೂ ಬೊಟುಲಿಸಂ ಎಂಬ ವಿಷರೋಗ ತರುವ ಬೀಜಾಣು ಇರಬಹುದು, ಕಾಯಿಸಿದರೂ ಹೋಗದು. ಬಜೆಯೂ ಬೇಡ.

ಪ್ರಶ್ನೆ: ಹಸುವಿನ ಹಾಲಿಗೆ ನೀರು ಬೆರೆಸಿ ಎಂಟು ತಿಂಗಳಿಗೆ ಕೊಡಬಹುದೇ?

ಉತ್ತರ: ಕುಡಿಯಲು ಕೊಡುವುದು ವರ್ಷ ತುಂಬಿದ ಮೇಲೆ, ಆಗ ನೀರು ಬೆರೆಸುವುದು ಬೇಡ.

ಪ್ರಶ್ನೆ: ವಾಕರ್ ಕೊಡಿಸಿದರೆ ಬೇಗ ನಡೆಯುತ್ತದಂತೆ?

ಉತ್ತರ: ಬೇಗ ಬೀಳುತ್ತದೆ.

ಪ್ರಶ್ನೆ: ಲಸಿಕೆ ಹಾಕಿಸಿದರೆ ಎರಡು ದಿನ ಜ್ವರ. ಒಂದೊಂದಾಗಿ ತಡವಾಗಿ ಹಾಕಿಸಬಹುದೇ? ಆಟಿಸಂ ಬರುತ್ತದೆ ಎಂಬ ವಿಡಿಯೊ ನೋಡಿದೆ. (ಚನ್ನರಾಯಪಟ್ಟಣ)

ಉತ್ತರ: ಆ ವಿಡಿಯೊದ ಬೇರು 1998ರ ಒಂದು ಲೇಖನ. ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2010ರಲ್ಲಿ ಹಿಂತೆಗೆದುಕೊಂಡಿತು. ಇದನ್ನು ಇನ್ನೊಮ್ಮೆ ಕೇಳಬೇಡಿ. 6, 10, 14 ವಾರದ ಪೆಂಟಾವೇಲೆಂಟ್‌ನಲ್ಲಿ ನಾಯಿಕೆಮ್ಮಿನ ಇಡೀ ರೋಗಾಣುವಿನ ಅಂಶವಿರುವುದರಿಂದ ಜ್ವರ ಬರುತ್ತದೆ, ಬಂದರೆ ಲಸಿಕೆ ಕೆಟ್ಟದ್ದಲ್ಲ. ತಡಮಾಡಿದಷ್ಟು ದಿನ ಮಗು ನಾಯಿಕೆಮ್ಮಿಗೆ ತೆರೆದಿರುತ್ತದೆ, ಅದು ಕೊಲ್ಲುವುದು ಎಳೆಕೂಸುಗಳನ್ನೇ.

ನನಗೆ ಹೆದರಿಕೆ ಇರುವುದು ಪ್ಯಾರಾಸಿಟಮಾಲ್ ಅಳತೆಯ ಬಗ್ಗೆ. ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಆರು ಕಿಲೋ ಮಗುವಿಗೆ 90 ಮಿಲಿಗ್ರಾಂ. 1 ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 0.9 ಎಂಎಲ್. 5 ಎಂಎಲ್‌ಗೆ 120 ಇರುವ ಸಿರಪ್ ಆದರೆ ಮೂರೂ ಮುಕ್ಕಾಲು. 5 ಎಂಎಲ್‌ಗೆ 250 ಇರುವುದಾದರೆ 1.8. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಒಳಗೆ ಹೋಗುತ್ತದೆ, ಪಿತ್ತಜನಕಾಂಗಕ್ಕೆ (ಲಿವರಿಗೆ) ಏಟು. ಚೀಟಿಯಲ್ಲಿ ‘ಅರ್ಧ ಚಮಚ’ ಎಂದಿದ್ದರೆ ಯಾವ ಬಾಟಲಿಯದು ಎಂದು ಕೇಳಿ ಬರೆಸಿಕೊಳ್ಳಿ. ಮೂರು ತಿಂಗಳೊಳಗಿನ ಮಗುವಿಗೆ ಲಸಿಕೆಯಿಂದಲ್ಲದ ಜ್ವರ ಬಂದರೆ ಔಷಧಿ ಹಾಕಿ ಕಾಯುವುದಲ್ಲ, ಆಸ್ಪತ್ರೆಗೆ ಹೊರಡುವುದು.

ಪ್ರಶ್ನೆ: ನವಜಾತ ಮಗುವಿಗೆ ಕಾಮಾಲೆ. ಬರೆ ಹಾಕಿಸಿದರೆ ಇಳಿಯುತ್ತದೆ ಎನ್ನುತ್ತಾರೆ.

ಉತ್ತರ: ಬರೆ ಹಾಕುವವನನ್ನು ಹೊಸ್ತಿಲು ದಾಟಿಸಬೇಡಿ. ಎಳೆಬಿಸಿಲೂ ಚಿಕಿತ್ಸೆಯಲ್ಲ. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿಗೆ ಇಳಿದರೆ ಅಂದೇ ಆಸ್ಪತ್ರೆ. ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಮಿತಿಮೀರಿದರೆ ಮಿದುಳಿಗೆ ಏರುತ್ತದೆ, ಕಿವಿ ಹೋಗುತ್ತದೆ. ನೀಲಿ ದೀಪದ ಕೆಳಗೆ ಮಲಗಿಸಿದರೆ ಬಹುಪಾಲು ಮಕ್ಕಳಿಗೆ ಒಂದೆರಡು ದಿನದ ಕೆಲಸ.

ಪ್ರಶ್ನೆ: ಇಲ್ಲಿ ಚಳಿ ವಿಪರೀತ. ಬಾಣಂತಿ ಕೋಣೆಯಲ್ಲಿ ರಾತ್ರಿ ಕೆಂಡ ಇಟ್ಟುಕೊಳ್ಳಬಹುದೇ? (ಕಳಸ)

ಉತ್ತರ: ಮುಚ್ಚಿದ ಕೋಣೆಯಲ್ಲಿ ಕೂಡದು. ಕೆಂಡದ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯೂ ಎಳೆ ಶ್ವಾಸಕೋಶಕ್ಕೆ ಆಗದು. ಮಗುವಿಗೆ ಟೋಪಿ, ಕಾಲುಚೀಲ, ಎರಡು ಪದರ ಹತ್ತಿ ಬಟ್ಟೆ ಹಾಕಿ, ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟಿಕೊಳ್ಳಿ, ಎಚ್ಚರವಿರುವವರೆಗೆ. ಮಲಗಿಸುವಾಗ ಅಂಗಾತ, ಬೇರೆ ಹಾಸಿಗೆಯಲ್ಲಿ, ಕೈಗೆಟುಕುವಷ್ಟು ಹತ್ತಿರ. ನಿಮ್ಮ ದಪ್ಪ ರಗ್ಗು ಅದರ ಮುಖದ ಕಡೆ ಸುಳಿಯಬಾರದು.