ಟ್ರಿಯೆಸ್ತೆಯಲ್ಲಿ ಹುಟ್ಟಿದ, ಸತ್ತ ಗಣ್ಯರ ಪಟ್ಟಿ ಹಿಡಿದು ಒಂದು ದಿನದಲ್ಲಿ ಏನೇನು ನೋಡಬಹುದು? ಪಟ್ಟಿಯಲ್ಲಿ ಯಾರನ್ನು ಉಳಿಸಿಕೊಳ್ಳಲಿ?

ನೀವು ಹೋಗುತ್ತಿರುವ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರಕ್ಕೇ ನಾನೂ ಸಂಶೋಧನಾ ವಿದ್ಯಾರ್ಥಿಯಾಗಿ ಹೋಗಿದ್ದೆ. ಇಟಲಿಯ ಆ ಬಂದರು ನಗರದ ಗಣ್ಯರ ಪಟ್ಟಿಯನ್ನು ಥೇಟ್ ನಿಮ್ಮಂತೆಯೇ ಮಾಡಿಕೊಂಡಿದ್ದೆ. ಸಿಕ್ಕ ಒಂದೇ ರಜಾದಿನವನ್ನು ಅದಕ್ಕೆ ಕೊಟ್ಟೆ. ಇಂದಿಗೂ ಮನಸ್ಸು ಕುಟುಕುತ್ತದೆ.

ಬೆಳಿಗ್ಗೆ ಸಾನ್ ಜುಸ್ತೊ ಗುಡ್ಡ ಹತ್ತಿ ವಿಂಕೆಲ್‌ಮನ್ ಸ್ಮಾರಕ ನೋಡಿದೆ. ಪ್ರಾಚೀನ ಕಲೆಯ ಇತಿಹಾಸ ಬರೆದ ಈ ಜರ್ಮನ್ ವಿದ್ವಾಂಸರು 1768ರಲ್ಲಿ ರೋಮ್‌ಗೆ ಮರಳುವ ದಾರಿಯಲ್ಲಿ, ಹಡಗಿಗಾಗಿ ಕಾಯುತ್ತ ಇಲ್ಲಿ ತಂಗಿದ್ದರು. ವಸತಿಗೃಹದಲ್ಲಿ ಪರಿಚಯವಾದವನೊಬ್ಬ ಅವರನ್ನು ಇರಿದು ಕೊಂದ. ನನ್ನ ಪಟ್ಟಿಯಲ್ಲಿ ನೆಪೋಲಿಯನ್‌ನ ಪೊಲೀಸ್ ಮಂತ್ರಿ ಫೂಷೆಯೂ ಇದ್ದ. ದೇಶಭ್ರಷ್ಟನಾಗಿ ಬಂದು 1820ರಲ್ಲಿ ಸತ್ತವನು. ಬ್ರಿಟಿಷ್ ಕಾನ್ಸಲ್ ಆಗಿದ್ದ ಅನ್ವೇಷಕ ರಿಚರ್ಡ್ ಬರ್ಟನ್ 1890ರಲ್ಲಿ ಸತ್ತದ್ದೂ ಇಲ್ಲಿಯೇ. ಇವರ ಹಿಂದೆ ಓಡಾಡುವುದರಲ್ಲಿ ಹೊತ್ತು ಮುಳುಗಿತು.

ಊರಿಗೆ ಬಂದ ಮೇಲೆ ಗೊತ್ತಾಯಿತು, ನನ್ನ ಪಟ್ಟಿಯಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಲುಡ್ವಿಗ್ ಬೋಲ್ಟ್ಸ್‌ಮನ್ ಇರಲಿಲ್ಲ. ಎಂಟ್ರೊಪಿಯ, ಅಂದರೆ ಒಂದು ವ್ಯವಸ್ಥೆಯೊಳಗಿನ ಅಸ್ತವ್ಯಸ್ತತೆಯ ಅಳತೆಯ, ಅರ್ಥವನ್ನು ನಾನು ಕಲಿತದ್ದೇ ಅವರ ಸಮೀಕರಣದಿಂದ! ತಪ್ಪು ನಡೆದದ್ದು ಹೀಗೆ: ವಿಶ್ವಕೋಶದಲ್ಲಿ ನಾನು ಹುಡುಕಿದ್ದು ಮರಣಸ್ಥಳ ಟ್ರಿಯೆಸ್ತೆ ಎಂದಿದ್ದವರನ್ನು ಮಾತ್ರ. ಬೋಲ್ಟ್ಸ್‌ಮನ್ 1906ರ ಸೆಪ್ಟೆಂಬರ್ 5ರಂದು ಆತ್ಮಹತ್ಯೆ ಮಾಡಿಕೊಂಡದ್ದು ದುಯಿನೊದಲ್ಲಿ, ಹೆಂಡತಿ ಮಗಳೊಂದಿಗೆ ವಿಶ್ರಾಂತಿಗೆಂದು ಹೋಗಿದ್ದಾಗ. ಅದು ನಗರದ ಗಡಿಯಾಚೆಗಿನ ಕರಾವಳಿ ಊರು. ಆಗ ಅದು ಆಸ್ಟ್ರಿಯಾ-ಹಂಗೇರಿಗೆ ಸೇರಿತ್ತಾದ್ದರಿಂದ, ದೇಶ ಇಟಲಿ ಎಂದು ಹುಡುಕಿದಾಗಲೂ ಹೆಸರು ಬರಲಿಲ್ಲ. ಊರು, ದೇಶ ಎಂಬ ಎರಡು ಜರಡಿಗಳಲ್ಲೂ ಅವರು ಸೋರಿಹೋದರು. ನಾನು ಉಳಿದುಕೊಂಡಿದ್ದ, ಕೇಂದ್ರವಿರುವ ಮೀರಾಮಾರೆಯಿಂದ ದುಯಿನೊ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ. ಮತ್ತೆ ಅಲ್ಲಿಗೆ ಹೋಗುವ ಅವಕಾಶ ನನಗೆ ಒದಗಿಲ್ಲ.

ಆದ್ದರಿಂದ ಪಟ್ಟಿಯಲ್ಲಿ ಯಾರನ್ನು ಉಳಿಸಿಕೊಳ್ಳಲಿ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹುಟ್ಟು ಸಾವುಗಳಿಂದ ಈ ಊರನ್ನು ಅಳೆಯಲಾಗದು. 1964ರಲ್ಲಿ ನಿಮ್ಮ ಕೇಂದ್ರವನ್ನು ಕಟ್ಟಿದ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ತೀರಿಕೊಂಡದ್ದು ಆಕ್ಸ್‌ಫರ್ಡ್‌ನಲ್ಲಿ. ವರ್ಷಗಟ್ಟಲೆ ಇಲ್ಲಿ ಇಂಗ್ಲಿಷ್ ಪಾಠ ಹೇಳಿ ಬದುಕಿದ ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ ಹುಟ್ಟಿದ್ದು ಡಬ್ಲಿನ್‌ನಲ್ಲಿ, ಸತ್ತದ್ದು ಜೂರಿಕ್‌ನಲ್ಲಿ. ಇಬ್ಬರೂ ನಿಮ್ಮ ಪಟ್ಟಿಗೆ ಬರುವುದಿಲ್ಲ. ಜಾಯ್ಸ್‌ರ ಶಿಷ್ಯ, ಕಾದಂಬರಿಕಾರ ಇಟಾಲೊ ಸ್ವೇವೊ ಇಲ್ಲಿಯವರೇ. ಆದರೆ 1861ರಲ್ಲಿ ಹುಟ್ಟುವಾಗ ಆಸ್ಟ್ರಿಯಾದ ಪ್ರಜೆ, ಹೆಸರು ಎತ್ತೊರೆ ಶ್ಮಿಟ್ಸ್. ಸತ್ತದ್ದು ಬೇರೆ ಊರಿನಲ್ಲಿ.

ನಗರದೊಳಗೆ ಒಂದನ್ನಾದರೂ ನೋಡಲೇಬೇಕೆಂದಿದ್ದರೆ, ಯಾವುದಾದರೂ ಸಂಜೆ ತರಗತಿ ಮುಗಿದ ಮೇಲೆ ಸಾನ್ ನಿಕೊಲೊ ಬೀದಿಗೆ ಹೋಗಿ, ಕವಿ ಉಂಬೆರ್ತೊ ಸಾಬಾ ನಡೆಸುತ್ತಿದ್ದ ಹಳೆಯ ಪುಸ್ತಕದಂಗಡಿಯನ್ನು ನೋಡಿ. ರಜಾದಿನ ಪೂರ್ತಿ ದುಯಿನೊಗೆ ಇರಲಿ. ಬೆಳಿಗ್ಗೆಯೇ ಹೊರಡಿ. ಅಲ್ಲಿಂದ ಪಕ್ಕದ ಊರು ಸಿಸ್ತಿಯಾನಾವರೆಗೆ ಕಡಲಂಚಿನ ಬಂಡೆಗಳ ಮೇಲೆ ಕಾಲುದಾರಿಯಿದೆ, ನಡೆದು ಹೋಗಬಹುದು. ಬೋರಾ ಎಂಬ ಇಲ್ಲಿನ ರಭಸದ ತಣ್ಣನೆಯ ಗಾಳಿ ಜೋರಾಗಿ ಬೀಸುವ ದಿನ ಮಾತ್ರ ಆ ದಾರಿ ಹಿಡಿಯಬೇಡಿ.